ಬಾದಾಮಿಯಲ್ಲಿ ಬಸ್ಸು ಒಂದೂವರೆ ಗಂಟೆ ನಿಲ್ಲುತ್ತದೆ



ನಮ್ಮ ಕಡೆಯ ಶಾಲೆಗಳ ಶೈಕ್ಷಣಿಕ ಪ್ರವಾಸದ ದಾರಿ ಬಹುತೇಕ ಒಂದೇ. ಬೆಳಗಿನ ಜಾವ ಹುಬ್ಬಳ್ಳಿ ಬಿಟ್ಟ ಬಸ್ಸು ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸಿನಲ್ಲಿ ತಿರುಗಿ ಬಾದಾಮಿ ಸೇರುತ್ತದೆ. ಅಲ್ಲಿಂದ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ. ರಾತ್ರಿ ವಿಜಯಪುರದಲ್ಲಿ ವಸತಿ, ಮರುದಿನ ಗೋಲಗುಮ್ಮಟ. ಈ ಪಟ್ಟಿಯಲ್ಲಿ ಬಾದಾಮಿಗೆ ಸಿಗುವುದು ಒಂದೂವರೆ ಗಂಟೆ. ಅದರಲ್ಲಿ ಅರ್ಧ ಗಂಟೆ ಉಪ್ಪಿಟ್ಟಿಗೆ, ಕಾಲು ಗಂಟೆ ಮಂಗಗಳ ಕೈಯಿಂದ ಮಕ್ಕಳ ಬ್ಯಾಗು ಉಳಿಸಿಕೊಳ್ಳುವುದಕ್ಕೆ ಹೋಗುತ್ತದೆ. ಉಳಿದ ಮುಕ್ಕಾಲು ಗಂಟೆಯಲ್ಲಿ ನಾಲ್ಕು ಗುಹೆ ಹತ್ತಿ ಇಳಿದು ಬಂದರೆ "ಬಾದಾಮಿ ಆಯಿತು" ಎನ್ನುತ್ತೇವೆ. ನಾನೂ ಹಾಗೆಯೇ ಅನ್ನುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಮೂರನೆಯ ಗುಹೆಯ ಕಟ್ಟೆಯ ಮೇಲೆ ನಿಂತಿದ್ದೆವು. ಕೆಳಗೆ ಹಸಿರು ನೀರಿನ ಕೆರೆ, ಎದುರಿಗೆ ಇನ್ನೊಂದು ಕೆಂಪು ಗುಡ್ಡ. ಒಬ್ಬ ಹುಡುಗ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಸರ್, ಇದರಲ್ಲಿ ನಮ್ಮದು ಏನೈತಿ?" ಅವನು ತಂಟೆ ಮಾಡಲು ಕೇಳಿದ್ದಲ್ಲ. ಜೊತೆಯವರು ನಕ್ಕರು, ಅವನ ಮುಖ ಸಣ್ಣದಾಯಿತು. ನಾನು ಗುಡ್ಡದ ಬುಡದಲ್ಲಿ ಕಾಣುವ ಬಿಳಿ ಗುಮ್ಮಟದತ್ತ ಬೆರಳು ಮಾಡಿ "ಅದೋ ನೋಡು, ಮಲಿಕ್ ಅಬ್ದುಲ್ ಅಜೀಜರ ಸಮಾಧಿ" ಎಂದುಬಿಟ್ಟೆ. ಅವನು ತಲೆಯಾಡಿಸಿ ಹೋದ. ಬಸ್ಸು ಪಟ್ಟದಕಲ್ಲಿನ ದಾರಿ ಹಿಡಿದ ಮೇಲೆ ನನಗೆ ಅನ್ನಿಸಿತು, ಇದು ಉತ್ತರವಲ್ಲ, ತಪ್ಪಿಸಿಕೊಳ್ಳುವ ಮಾತು. ಆ ಊರಲ್ಲಿ ಒಂದು ಗುಮ್ಮಟವಷ್ಟೇ ಅವನ ಪಾಲು ಎಂದು ನಾನೇ ಹಂಚಿಕೊಟ್ಟ ಹಾಗಾಯಿತು. ಆ ಮೇಲೆ ಎರಡು ಸಲ ಒಬ್ಬನೇ ಹೋಗಿ ಕೆರೆಯ ಸುತ್ತ ನಡೆದಿದ್ದೇನೆ. ಅಲ್ಲಿ ನೋಡಿದ್ದನ್ನೂ ಓದಿ ತಿಳಿದದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹೆಸರಿನ ಮಾತು. ನಮ್ಮ ಮಕ್ಕಳಿಗೆ ಬಾದಾಮ್ ಎಂದರೆ ತಿನ್ನುವ ಬಾದಾಮಿ. ಕಲ್ಲಿನ ಬಣ್ಣ ಬಾದಾಮಿಯಂತೆ ಇರುವುದರಿಂದ ಈ ಹೆಸರು ಬಂತು ಎಂದು ಅಲ್ಲಿ ಕೆಲವರು ಹೇಳುವುದೂ ಉಂಟು. ಕೇಳಲು ಚೆಂದ, ಆದರೆ ನಿಲ್ಲುವುದಿಲ್ಲ. ಫಾರಸಿ ಮಾತು ಈ ಸೀಮೆಗೆ ಬರುವ ಎಷ್ಟೋ ಶತಮಾನ ಮೊದಲೇ ಊರಿಗೆ ಇದನ್ನು ಹೋಲುವ ಹೆಸರು ಇತ್ತು. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ಹೇಳುವ 'ಬದಿಯಮಯೋಯಿ' ಎಂಬುದು ಇದೇ ಊರು ಎಂದು ವಿದ್ವಾಂಸರು ಗುರುತಿಸುತ್ತಾರೆ. ಸಂಸ್ಕೃತ ಶಾಸನಗಳಲ್ಲಿ ಇದು ವಾತಾಪಿ. ವಾತಾಪಿ ಎಂಬ ರಾಕ್ಷಸನನ್ನು ಅಗಸ್ತ್ಯ ಮುನಿ ಜೀರ್ಣ ಮಾಡಿಕೊಂಡ ಪುರಾಣ ಕಥೆಯನ್ನು ನೀವು ಕೇಳಿರುತ್ತೀರಿ. ಕೆರೆಗೆ ಅಗಸ್ತ್ಯ ತೀರ್ಥ ಎಂಬ ಹೆಸರು ಬಂದದ್ದು ಆ ಕಥೆಯಿಂದ.

ಈಗ ಕೆರೆ. ನಕಾಶೆಯಲ್ಲಿ ನೋಡಿದರೆ ಊರಿನ ಪೂರ್ವಕ್ಕೆ ಮರಳುಗಲ್ಲಿನ ಗುಡ್ಡಗಳು ಕುದುರೆ ಲಾಳದ ಆಕಾರದಲ್ಲಿ ನಿಂತಿವೆ. ಲಾಳದ ಬಾಯಿ ಊರಿನ ಕಡೆಗೆ, ಅಂದರೆ ಪಶ್ಚಿಮಕ್ಕೆ. ಮಳೆ ಬಿದ್ದಾಗ ಮೂರೂ ಕಡೆಯ ಬಂಡೆಗಳಿಂದ ಹರಿದು ಬರುವ ನೀರನ್ನು ಆ ಬಾಯಿಗೆ ಅಡ್ಡವಾಗಿ ಒಡ್ಡು ಹಾಕಿ ತಡೆದಿದ್ದಾರೆ. ಮಳೆಗಾಲದಲ್ಲಿ ಹೋದವರು ಬಂಡೆಯ ಮೇಲಿಂದ ಜೋಡಿಯಾಗಿ ಧುಮುಕುವ ಅಕ್ಕ-ತಂಗಿ ಜಲಧಾರೆಯನ್ನು ನೋಡಬಹುದು. ಬೇಸಿಗೆಯಲ್ಲಿ ಹೋದವರಿಗೆ ಅಲ್ಲಿ ನೀರು ಇತ್ತು ಎಂದರೆ ನಂಬಿಕೆಯೇ ಬರುವುದಿಲ್ಲ. ಬಂಡೆಯಲ್ಲಿ ನೀರು ಇಂಗುವುದು ಕಡಿಮೆ, ಆದ್ದರಿಂದ ಬಿದ್ದದ್ದೆಲ್ಲ ಕೆಳಗೆ ಬರುತ್ತದೆ. ಈ ಬಯಲುಸೀಮೆಯಲ್ಲಿ ಒಂದು ರಾಜಧಾನಿ ಬಾಳಬೇಕಾದರೆ ಇಂಥ ಜಾಗವೇ ಬೇಕಿತ್ತು. ಮೇಲೆ ಕೋಟೆ, ಕೆಳಗೆ ನೀರು, ಮನೆ ಕಟ್ಟಲು ಕೈಗೆ ಸಿಗುವ ಕಲ್ಲು.

ಆ ಜಾಗವನ್ನು ಆರಿಸಿದವನು ಒಂದನೆಯ ಪುಲಕೇಶಿ. ಉತ್ತರದ ಗುಡ್ಡದ ಬಂಡೆಯೊಂದರ ಮೇಲೆ ಅವನ ಶಾಸನವಿದೆ, ಕಾಲ ಶಕ ವರ್ಷ 465, ಅಂದರೆ ಕ್ರಿ.ಶ. 543. ವಾತಾಪಿಯ ಈ ಗುಡ್ಡವನ್ನು ಶತ್ರುಗಳಿಗೆ ಅಸಾಧ್ಯವಾದ ದುರ್ಗವಾಗಿ ಮಾಡಿದನೆಂದು ಅದು ಹೇಳುತ್ತದೆ. ಮುಂದೆ ಇನ್ನೂರು ವರ್ಷಗಳ ಕಾಲ ನರ್ಮದೆಯಿಂದ ಕಾವೇರಿಯ ಕಡೆವರೆಗೆ ದಖ್ಖನಿನ ರಾಜಕೀಯ ತಿರುಗಿದ್ದು ಈ ಕೆರೆಯ ದಂಡೆಯ ಸುತ್ತ.

ಗುಹೆಗಳ ಬಗ್ಗೆ ಪಠ್ಯಪುಸ್ತಕದಲ್ಲಿ ಓದಿರುವುದರಿಂದ ಹೆಚ್ಚು ಹೇಳುವುದಿಲ್ಲ. ಒಂದನೆಯದು ಶೈವ ಗುಹೆ, ಅದರ ಹೊರಗೆ ಹದಿನೆಂಟು ಕೈಗಳ ನಟರಾಜ. ಎರಡು ಮತ್ತು ಮೂರನೆಯವು ವೈಷ್ಣವ, ನಾಲ್ಕನೆಯದು ಜೈನ. ಆದರೆ ಮೂರನೆಯ ಗುಹೆಯಲ್ಲಿ ಮಾತ್ರ ದಯವಿಟ್ಟು ಐದು ನಿಮಿಷ ಹೆಚ್ಚು ನಿಲ್ಲಿ. ಅಲ್ಲಿ ಮಂಗಲೇಶನ ಸಂಸ್ಕೃತ ಶಾಸನವಿದೆ. ಅಣ್ಣ ಕೀರ್ತಿವರ್ಮನ ಹನ್ನೆರಡನೆಯ ಆಳ್ವಿಕೆಯ ವರ್ಷ, ಶಕ 500, ಕಾರ್ತಿಕ ಹುಣ್ಣಿಮೆ ಎಂದು ಕಾಲವನ್ನು ಸ್ಪಷ್ಟವಾಗಿ ಹೇಳುವ ಶಾಸನ ಅದು, ಅಂದರೆ ಕ್ರಿ.ಶ. 578. ನಮ್ಮ ದೇಶದ ಗುಹಾಲಯಗಳಲ್ಲಿ ಹೀಗೆ ತಾನೇ ತನ್ನ ವಯಸ್ಸು ಹೇಳುವಂಥವು ಬಹಳ ಕಡಿಮೆ. ಅದಕ್ಕಿಂತ ನನಗೆ ಪ್ರಿಯವಾದದ್ದು ಅದೇ ಗುಹೆಯ ಹೊರಗಿನ ಚಿಕ್ಕ ಕನ್ನಡ ಶಾಸನ. ಲಂಜಿಗೇಸರ ಎಂಬ ಹಳ್ಳಿಯನ್ನು ಮಂಗಲೇಶ ಈ 'ಕಲ್ಮನೆ'ಗೆ ಕೊಟ್ಟನೆಂದು ಅದರಲ್ಲಿದೆ. ಕಲ್ಮನೆ, ಕಲ್ಲಿನ ಮನೆ! ದೇವಾಲಯಕ್ಕೆ ಎಷ್ಟು ನೇರವಾದ ಮಾತು. ಸಂಸ್ಕೃತದಲ್ಲಿ ವಂಶದ ಕೀರ್ತಿ ಬರೆಸಿದ ರಾಜ, ಹಳ್ಳಿಯ ಕೊಡುಗೆಯ ವಿಷಯ ಬಂದಾಗ ಜನರ ಭಾಷೆಗೆ ಇಳಿದಿದ್ದಾನೆ. ಹೂವಿನ ಮಾಲೆ ಕಟ್ಟುವವರ ಪಾಲಿನ ಮಾತೂ ಅದರಲ್ಲಿದೆ.

ಮಂಗಲೇಶನ ನಂತರ ಬಂದವನು ಇಮ್ಮಡಿ ಪುಲಕೇಶಿ. ಕೀರ್ತಿವರ್ಮನ ಮಗ, ಚಿಕ್ಕಪ್ಪನ ಮೇಲೆ ಯುದ್ಧ ಮಾಡಿ ಸಿಂಹಾಸನ ಪಡೆದವನು. ಉತ್ತರದ ಹರ್ಷನನ್ನು ತಡೆದದ್ದು ನಿಮಗೆ ಗೊತ್ತೇ ಇದೆ. ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನ ಅದನ್ನು ಹೊಗಳುತ್ತದೆ. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಎಳೆ ಅರಬ್ಬೀ ಗ್ರಂಥದಲ್ಲಿದೆ. ಇತಿಹಾಸಕಾರ ತಬರಿ ತನ್ನ ದೊಡ್ಡ ತಾರೀಖಿನಲ್ಲಿ, ಇರಾನಿನ ಬಾದಶಹ ಖುಸ್ರೋ ಪರ್ವೇಜನ ಆಳ್ವಿಕೆಯ ಮೂವತ್ತಾರನೆಯ ವರ್ಷದಲ್ಲಿ ಹಿಂದೂಸ್ತಾನದ ಒಬ್ಬ ರಾಜನಿಂದ ಪತ್ರ ಮತ್ತು ಉಡುಗೊರೆಗಳು ಬಂದ ಸಂಗತಿ ಬರೆಯುತ್ತಾನೆ. ಅದು ಸುಮಾರು ಕ್ರಿ.ಶ. 625. ಆ ರಾಜ ಇಮ್ಮಡಿ ಪುಲಕೇಶಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಅಜಂತಾದ ಒಂದನೆಯ ಗುಹೆಯಲ್ಲಿ ಪರ್ಶಿಯನ್ ಉಡುಪಿನವರು ಇರುವ ಚಿತ್ರವೊಂದು ಆ ರಾಯಭಾರದ್ದೇ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಹೇಳಿದರು, ಇಂದಿನ ವಿದ್ವಾಂಸರಲ್ಲಿ ಅನೇಕರು ಒಪ್ಪುವುದಿಲ್ಲ. ಚಿತ್ರದ ಮಾತು ಬಿಡಿ. ಬಾದಾಮಿಯ ಅರಸನ ಸುದ್ದಿ ಅರಬ್ಬೀ ಪುಟಕ್ಕೆ ಸೇರಿತೆಂದರೆ, ಈ ಸಣ್ಣ ಕೆರೆಯ ದಂಡೆಗೆ ಸಮುದ್ರದಾಚೆಯ ವ್ಯವಹಾರ ತಲುಪಿತ್ತು ಎಂದಾಯಿತು. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೂಡ ಸುಮಾರು 641ರ ಹೊತ್ತಿಗೆ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. ಇಲ್ಲಿಯ ಜನ ಅಭಿಮಾನಿಗಳು, ಉಪಕಾರ ಮರೆಯದವರು, ಅವಮಾನವನ್ನೂ ಮರೆಯದವರು ಎಂಬ ಅರ್ಥದಲ್ಲಿ ಬರೆದಿದ್ದಾನೆ.

ಅವನು ಹೋದ ಸ್ವಲ್ಪ ಸಮಯದಲ್ಲೇ ದೊಡ್ಡ ಆಘಾತ. ಕ್ರಿ.ಶ. 642ರಲ್ಲಿ ಕಂಚಿಯ ಪಲ್ಲವ ದೊರೆ ಒಂದನೆಯ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ತಾನು 'ವಾತಾಪಿಕೊಂಡ' ಎಂದು ಬಿರುದು ಧರಿಸಿದ. ಪುಲಕೇಶಿ ಆ ಯುದ್ಧದಲ್ಲೇ ಮಡಿದನೆಂದು ಇತಿಹಾಸಕಾರರು ಭಾವಿಸುತ್ತಾರೆ. ವಾತಾಪಿಯ ಗಣಪತಿಯ ವಿಗ್ರಹವನ್ನು ಆಗ ತಮಿಳುನಾಡಿಗೆ ಒಯ್ದರೆಂಬ ಐತಿಹ್ಯವಿದೆ. ಮುತ್ತುಸ್ವಾಮಿ ದೀಕ್ಷಿತರ ಪ್ರಸಿದ್ಧ ಕೀರ್ತನೆಯಲ್ಲಿ ವಾತಾಪಿಯ ಹೆಸರು ಉಳಿದಿರುವುದನ್ನು ಸಂಗೀತ ಬಲ್ಲವರು ಬಲ್ಲರು.

ಓದುಗರೇ, ನಾನು ಹೆಚ್ಚು ಹೊತ್ತು ನಿಂತದ್ದು ಗುಹೆಯಲ್ಲಿ ಅಲ್ಲ, ತೆಗ್ಗಿನ ಈರಪ್ಪನ ಗುಡಿಯ ಹಿಂದಿನ ಬಂಡೆಯ ಮುಂದೆ. ಪ್ರವಾಸದ ಬಸ್ಸಿನವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ಗೆದ್ದ ನರಸಿಂಹವರ್ಮನ ಶಾಸನವಿದೆ. ಅವನ ಆಳ್ವಿಕೆಯ ಹದಿಮೂರನೆಯ ವರ್ಷದ್ದು, ಈಗ ಬಹಳ ಸವೆದು ಹೋಗಿದೆ. ನಮ್ಮ ಕಣ್ಣಿಗೆ ಅಲ್ಲಲ್ಲಿ ಗೀರು ಕಂಡ ಹಾಗೆ ಕಾಣುತ್ತದೆ ಅಷ್ಟೆ. ಯೋಚಿಸಿ ನೋಡಿ. ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಸುಮಾರು 655ರ ಹೊತ್ತಿಗೆ ರಾಜ್ಯವನ್ನು ಮತ್ತೆ ಕಟ್ಟಿದ. ತನ್ನ ತಂದೆಯನ್ನು ಸೋಲಿಸಿದವನ ಬರಹ ತನ್ನ ರಾಜಧಾನಿಯ ಮಧ್ಯದಲ್ಲೇ ಇದೆ. ನಾಲ್ಕು ಉಳಿ ಏಟಿನಲ್ಲಿ ಅಳಿಸಿ ಹಾಕಬಹುದಿತ್ತು. ಆದರೂ ಓದಲು ಸಾಧ್ಯವಾಗುವಷ್ಟು ಅದು ಉಳಿದುಕೊಂಡಿದೆ.

ಇದರ ಜೋಡಿ ಶಾಸನ ಕಂಚಿಯಲ್ಲಿದೆ. ಸುಮಾರು ನೂರು ವರ್ಷದ ನಂತರ, ಕ್ರಿ.ಶ. 740ರ ಸುಮಾರಿಗೆ, ಬಾದಾಮಿಯ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಅಲ್ಲಿಯ ರಾಜಸಿಂಹೇಶ್ವರ ದೇವಾಲಯದ, ಎಂದರೆ ಇಂದಿನ ಕೈಲಾಸನಾಥ ಗುಡಿಯ, ಸಂಪತ್ತನ್ನು ನೋಡಿ ಅದನ್ನು ದೋಚದೆ ದೇವರಿಗೇ ಮರಳಿ ಕೊಟ್ಟನೆಂದು ಅದೇ ಗುಡಿಯ ಕಂಬದ ಮೇಲೆ ಬರೆಸಿದ, ಅದೂ ಕನ್ನಡದಲ್ಲಿ. ತಮಿಳು ನಾಡಿನ ನಡುವೆ ಕನ್ನಡದ ಶಾಸನ! ಅದನ್ನು ಪಲ್ಲವರೂ ಅಳಿಸಲಿಲ್ಲ. ಈ ಗೆಲುವಿನ ನೆನಪಿಗೆ ಅವನ ಇಬ್ಬರು ರಾಣಿಯರು, ಅಕ್ಕತಂಗಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ, ಬಾದಾಮಿಗೆ 22 ಕಿ.ಮೀ. ದೂರದ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಗಳೇ ಇಂದಿನ ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ. ವಿರೂಪಾಕ್ಷ ಗುಡಿಯಲ್ಲಿ ಕಂಚಿಯ ಗುಡಿಯ ಛಾಯೆ ಇದೆ. ಗೆದ್ದವನು ಸೋತವನ ಮನೆಯಲ್ಲಿ ಪಾಠ ಕಲಿತು ಬಂದ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಾದಾಮಿ ಆ ಪಟ್ಟಿಯಲ್ಲಿ ಇಲ್ಲ ಎಂಬುದು ನನ್ನ ಸಣ್ಣ ಬೇಸರ.

ಇನ್ನು ಕಪ್ಪೆ ಅರಭಟ್ಟನ ಶಾಸನ. ಕನ್ನಡ ಕಲಿಯುವ ವಿದ್ಯಾರ್ಥಿಗಳು ಇದನ್ನು ಬಿಡಬಾರದು. ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಕಡೆ, ಬಂಡೆಯ ಮೇಲೆ ಎತ್ತರದಲ್ಲಿ ಕೊರೆದ ಹತ್ತು ಸಾಲುಗಳ ಬರಹ. ಕಾಲ ಸುಮಾರು ಕ್ರಿ.ಶ. 700. ಅರಭಟ್ಟ ರಾಜನಲ್ಲ, ಒಬ್ಬ ವೀರ. ಒಳ್ಳೆಯವರಿಗೆ ಅವನು ಹೇಗೆ, ಕೆಟ್ಟವರಿಗೆ ಹೇಗೆ ಎಂಬುದು ಅದರ ವಿಷಯ. ಕನ್ನಡ ತ್ರಿಪದಿಯ ಅತಿ ಹಳೆಯ ಉದಾಹರಣೆ ಸಿಗುವುದು ಇಲ್ಲಿ. ಸರ್ವಜ್ಞ ಬರೆದದ್ದು ಅದೇ ಮೂರು ಸಾಲಿನ ಮಟ್ಟಿನಲ್ಲಿ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದೂ ಅದರಲ್ಲೇ. ಬೀಸುವ ಕಲ್ಲಿಗೆ ಎದುರು ಬದುರಾಗಿ ಕುಳಿತ ಇಬ್ಬರಲ್ಲಿ ಒಬ್ಬಳು ಫಾತಿಮಾ, ಒಬ್ಬಳು ನೀಲವ್ವ ಆಗಿದ್ದ ಓಣಿಗಳಲ್ಲಿ ನಾವು ಬೆಳೆದಿದ್ದೇವೆ. ಹಾಡಿನ ಮಟ್ಟು ಇಬ್ಬರ ಬಾಯಲ್ಲೂ ಒಂದೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆ ಯಾವುದೆಂದು ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕಿಸುವೊಳಲ್ ಒಂದು, ಅದೇ ಪಟ್ಟದಕಲ್ಲು. ಉರ್ದು ಮನೆಮಾತಿನ ನಮ್ಮ ಮಕ್ಕಳ ಕನ್ನಡವನ್ನು ಯಾರಾದರೂ ಹಗುರವಾಗಿ ನೋಡಿದರೆ, ಈ ಸೀಮೆಯ ಕನ್ನಡ ಎಲ್ಲಿಂದ ಬಂತು ಎಂಬುದನ್ನು ಅವರು ಧೈರ್ಯವಾಗಿ ಹೇಳಬಹುದು.

ಕ್ರಿ.ಶ. 753ರ ಹೊತ್ತಿಗೆ ರಾಷ್ಟ್ರಕೂಟರು ಚಾಲುಕ್ಯರನ್ನು ಬದಿಗೊತ್ತಿದರು. ಬಾದಾಮಿ ರಾಜಧಾನಿಯಾಗಿ ಉಳಿಯಲಿಲ್ಲ, ಕೋಟೆಯಾಗಿ ಉಳಿಯಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕೆರೆಯ ದಂಡೆಯಲ್ಲಿ ಮಲ್ಲಿಕಾರ್ಜುನ, ಯಲ್ಲಮ್ಮ ಗುಡಿಗಳು ಎದ್ದವು. ವಿಜಯನಗರದ ಹರಿಹರನ ಕಾಲಕ್ಕೆ, ಸುಮಾರು 1340ರಲ್ಲಿ, ಕೋಟೆ ಕಟ್ಟಿದ ಶಾಸನವಿದೆ. ಆ ಮೇಲೆ ಬಿಜಾಪುರದ ಆದಿಲಶಾಹಿಗಳು. 1686ರಲ್ಲಿ ಬಿಜಾಪುರ ಔರಂಗಜೇಬನಿಗೆ ಸೋತ ನಂತರ ಮೊಗಲರು, ಸವಣೂರಿನ ನವಾಬರು, ಪೇಶ್ವೆಯವರು, ಹೈದರ್ ಅಲಿ ಹೀಗೆ ಕೈ ಬದಲಾಗುತ್ತ ಹೋಯಿತು. ಈಗ ಗುಡ್ಡದ ಮೇಲೆ ಕಾಣುವ ಗೋಡೆ, ಬುರುಜು, ದವಸದ ಕಣಜಗಳು ಹಲವು ಕೈಗಳ ಕೆಲಸ. ಚಾಲುಕ್ಯರ ಗುಡಿಯ ಪಕ್ಕದಲ್ಲೇ ಬಂದೂಕಿನ ಕಂಡಿ ಇರುವ ಗೋಡೆ ನಿಂತಿರುತ್ತದೆ. ಯಾವ ಕಲ್ಲು ಯಾರದು ಎಂದು ಬೇರೆ ಮಾಡಲು ಹೋದರೆ ಗೋಡೆಯೇ ಬಿದ್ದೀತು.

1786ರ ಮುತ್ತಿಗೆಯ ಕಥೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಬಸ್ಸು ಬರುವ ದಾರಿಯಲ್ಲೇ ಅದು ಶುರುವಾಗುತ್ತದೆ. 1785ರಲ್ಲಿ ಟಿಪ್ಪು ಸುಲ್ತಾನನ ಸೇನೆ ಬುರ್ಹಾನುದ್ದೀನನ ಕೈಕೆಳಗೆ ನರಗುಂದ ಮತ್ತು ಕಿತ್ತೂರುಗಳನ್ನು ಹಿಡಿಯಿತು. ಪುಣೆಯ ಪೇಶ್ವೆ ದರ್ಬಾರು ಇದನ್ನು ಸಹಿಸಲಿಲ್ಲ, ಯುದ್ಧಕ್ಕೆ ಹೊರಟಿತು. ಪೇಶ್ವೆಯ ಜೊತೆಗೆ ಕೈಸೇರಿಸಿದವನು ಯಾರು? ಹೈದರಾಬಾದಿನ ನಿಜಾಮ್ ಅಲಿ. ಎರಡೂ ಸೈನ್ಯಗಳು ಕೂಡಿ 1786ರ ಮೇ ತಿಂಗಳಲ್ಲಿ ಬಾದಾಮಿಯನ್ನು ಮುತ್ತಿದವು. ಒಳಗೆ ಟಿಪ್ಪುವಿನ ಸುಮಾರು ಮೂರೂವರೆ ಸಾವಿರ ಸಿಪಾಯಿಗಳು. ಮೂರು ವಾರ ತೋಪು ಹಾರಿಸಿದರೂ ಊರ ಗೋಡೆ ಬಿರುಕು ಬಿಡಲಿಲ್ಲ. ಕೊನೆಗೆ ಮೇ 20ರಂದು ಏಣಿ ಹಾಕಿ ನುಗ್ಗಿದರು. ನೆಲದಡಿ ಹೂತಿಟ್ಟ ಮದ್ದು ಸಿಡಿದು, ಗುಡ್ಡದ ಮೇಲಿನಿಂದ ಉರುಳಿಸಿದ ಬಂಡೆಗಳಿಗೆ ಸಿಕ್ಕಿ ನುಗ್ಗಿದವರಲ್ಲಿ ಬಹಳ ಮಂದಿ ಸತ್ತರು. ಊರು ಬಿದ್ದ ಮೇಲೆ ಮೇಲಿನ ಕೋಟೆಯವರು ಜೀವಕ್ಕೆ ಅಭಯ ಕೇಳಿ ಶರಣಾದರು. ಮರುವರ್ಷ, 1787ರಲ್ಲಿ, ಹತ್ತಿರದ ಗಜೇಂದ್ರಗಡದಲ್ಲಿ ಒಪ್ಪಂದವಾಗಿ ಬಾದಾಮಿ, ನರಗುಂದ, ಕಿತ್ತೂರು ಪೇಶ್ವೆಯ ಪಾಲಾದವು.

ಈ ಯುದ್ಧವನ್ನು ಇಂದು ಕೆಲವರು ಧರ್ಮದ ಯುದ್ಧದಂತೆ ಹೇಳುವುದನ್ನು ಕೇಳಿದ್ದೇನೆ, ಎರಡೂ ಕಡೆಯವರ ಬಾಯಲ್ಲಿ ಕೇಳಿದ್ದೇನೆ. ನಿಜಾಮನೂ ಪೇಶ್ವೆಯೂ ಒಂದೇ ಡೇರೆಯಲ್ಲಿ, ಟಿಪ್ಪುವಿನ ಸಿಪಾಯಿಗಳು ಎದುರಿಗೆ. ಇದರಲ್ಲಿ ಧರ್ಮ ಹುಡುಕುವವರು ಮೊದಲು ಈ ಲೆಕ್ಕ ಬಿಡಿಸಲಿ. ಅವರಿಗೆ ಬೇಕಿದ್ದದ್ದು ಕಂದಾಯ ಕೊಡುವ ಕಪ್ಪು ಮಣ್ಣಿನ ಸೀಮೆ, ಕೃಷ್ಣಾ ತುಂಗಭದ್ರೆಗಳ ನಡುವಿನ ದಾರಿ. ಗೋಡೆಯ ಎರಡೂ ಬದಿಯಲ್ಲಿ ಸತ್ತ ಸಾಮಾನ್ಯ ಸಿಪಾಯಿಗಳ ಹೆಸರು ಯಾವ ಬಂಡೆಯ ಮೇಲೂ ಇಲ್ಲ.

1818ರ ಫೆಬ್ರವರಿಯಲ್ಲಿ ಇಂಗ್ಲಿಷರ ಮನ್ರೋ ಈ ಕೋಟೆಯನ್ನು ಕೆಲವೇ ದಿನಗಳಲ್ಲಿ ಗೆದ್ದ. ಆಟ ಅಲ್ಲಿಗೆ ಮುಗಿಯಲಿಲ್ಲ. 1840-41ರ ಸುಮಾರಿಗೆ ನರಸಿಂಗರಾವ್ ಎಂಬ ಕುರುಡ ಬ್ರಾಹ್ಮಣ, ನಿಜಾಮನ ಸೀಮೆಯಿಂದ ನೂರಿಪ್ಪತ್ತೈದು ಮಂದಿ ಅರಬ್ಬರನ್ನು ಕಟ್ಟಿಕೊಂಡು ಬಂದು ಬಾದಾಮಿಯನ್ನು ವಶಪಡಿಸಿಕೊಂಡ, ಸರ್ಕಾರದ ಖಜಾನೆ ಹಿಡಿದ, ತಾನೇ ಛತ್ರಪತಿ ಎಂದು ಘೋಷಿಸಿದ. ಧಾರವಾಡದಿಂದ ಸೈನ್ಯ ಬಂದು ಕೆಲವು ದಿನಗಳಲ್ಲಿ ಅಡಗಿಸಿತು, ಅವನಿಗೆ ಜೀವಾವಧಿ ಗಡಿಪಾರು ಶಿಕ್ಷೆಯಾಯಿತು. ಕಣ್ಣಿಲ್ಲದ ಬ್ರಾಹ್ಮಣನ ಮಾತಿಗೆ ಆ ಅರಬ್ಬರು ಹೇಗೆ ಹೊರಟರು, ದಾರಿಯಲ್ಲಿ ಯಾವ ಭಾಷೆಯಲ್ಲಿ ಮಾತಾಡಿಕೊಂಡರು ಎಂದು ಕೆರೆಯ ಮೆಟ್ಟಿಲ ಮೇಲೆ ಕುಳಿತು ನಾನು ಊಹೆ ಮಾಡಿದ್ದೇನೆ. ಬಹುಶಃ ನಮ್ಮ ದಖನಿಯಲ್ಲೇ ಇರಬೇಕು! 1857ಕ್ಕೆ ಎಷ್ಟೋ ವರ್ಷ ಮುಂಚಿನ ಈ ಬಂಡಾಯದ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು.

ಇಂಗ್ಲಿಷರ ಕಾಲದಲ್ಲಿ ಇದು ಕಲಾದಗಿ ಜಿಲ್ಲೆಯ ಊರು. 1874ರಲ್ಲಿ ಜೇಮ್ಸ್ ಬರ್ಜೆಸ್ ಎಂಬ ಪುರಾತತ್ವಜ್ಞ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು ಸುತ್ತಿ ಗುಹೆಗಳ ವಿವರ, ಚಿತ್ರ ಪ್ರಕಟಿಸಿದ. ಜೆ.ಎಫ್. ಫ್ಲೀಟ್ ಎಂಬ ಅಧಿಕಾರಿ ಇಲ್ಲಿಯ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ. ಹಳಗನ್ನಡವನ್ನು ನಮ್ಮವರೇ ಮರೆತಿದ್ದ ಹೊತ್ತಿನಲ್ಲಿ ಕಂದಾಯ ನೋಡಲು ಬಂದ ಇಂಗ್ಲಿಷ್ ಅಧಿಕಾರಿ ಬಂಡೆಯ ಮೇಲಿನ ಕನ್ನಡ ಓದಿದ. ಅದನ್ನು ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ. ಫ್ಲೀಟರಿಗೆ ಸಿಗದೆ ಹೋದ ಪುಲಕೇಶಿಯ 543ರ ಶಾಸನವನ್ನು ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ತಂದವರು ನಮ್ಮವರೇ ಆದ ಆರ್.ಎಸ್. ಪಂಚಮುಖಿ ಎಂಬುದು ಸಮಾಧಾನದ ಸಂಗತಿ.

ಇಂದಿನ ಬಾದಾಮಿಯಲ್ಲಿ ಇನ್ನೊಂದು ಇಕ್ಕಟ್ಟು ಇದೆ, ಪ್ರವಾಸಿಗಳ ಕಣ್ಣಿಗೆ ಅದು ಬೀಳುವುದಿಲ್ಲ. ಕೆರೆಯ ಒಡ್ಡಿನ ಈಚೆಗೆ ಹಳೆಯ ಓಣಿಗಳಿವೆ, ಕಲ್ಲು ಮಣ್ಣಿನ ಮನೆಗಳು, ಒಂದಕ್ಕೊಂದು ಅಂಟಿಕೊಂಡು. ಬೆಳಗ್ಗೆ ಹೋದರೆ ಕೆರೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ. ಬಡಿತದ ಸದ್ದು ಎದುರಿನ ಬಂಡೆಗೆ ತಾಗಿ ಎರಡು ಸಲ ಕೇಳುತ್ತದೆ. 2010ರ ಕಾನೂನು ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ಬಾದಾಮಿಯಲ್ಲಿ ಹೆಜ್ಜೆಗೊಂದು ಸ್ಮಾರಕ. ಹೀಗಾಗಿ ಓಣಿಯ ಮನೆಯವರಿಗೆ ಸೋರುವ ಮಾಳಿಗೆ ರಿಪೇರಿ ಮಾಡಿಸಲೂ ಅನುಮತಿಯ ಕಾಗದ ಬೇಕು. ಹೊಸ ಕೋಣೆ ಕಟ್ಟಿ ಮಗನ ಮದುವೆ ಮಾಡುವುದಂತೂ ದೂರದ ಮಾತು. ಪಕ್ಕದ ಐಹೊಳೆಯಲ್ಲಿ ಗುಡಿಗಳ ನಡುವಿನ ಮನೆಗಳನ್ನು ಬೇರೆ ಕಡೆಗೆ ಸಾಗಿಸುವ ಮಾತು ಎಷ್ಟೋ ವರ್ಷಗಳಿಂದ ನಡೆದಿದೆ. ಸ್ಮಾರಕ ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಗುಡಿ, ಗುಮ್ಮಟ, ಬುರುಜುಗಳ ನೆರಳಲ್ಲಿ ತಲೆತಲಾಂತರದಿಂದ ಇದ್ದವರನ್ನು ಕಸದ ಹಾಗೆ ಗುಡಿಸಿ ಹಾಕಿದರೆ ಊರು ಉಳಿಯುವುದಿಲ್ಲ, ವಸ್ತು ಸಂಗ್ರಹಾಲಯ ಉಳಿಯುತ್ತದೆ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಹೃದಯ್ ಯೋಜನೆಗೆ ದೇಶದ ಹನ್ನೆರಡು ಊರುಗಳಲ್ಲಿ ಒಂದಾಗಿ ಬಾದಾಮಿಯನ್ನು ಆರಿಸಿದ್ದರು. ನಮ್ಮ ರಾಜ್ಯದಿಂದ ಆಯ್ಕೆಯಾದದ್ದು ಇದೊಂದೇ. ಯೋಜನೆಯ ಅವಧಿ 2019ಕ್ಕೆ ಮುಗಿಯಿತು. ಸೋರುವ ಮಾಳಿಗೆಯ ಪ್ರಶ್ನೆ ಓಣಿಯಲ್ಲಿ ಹಾಗೇ ಇದೆ.

ನೀವು ಹೋಗುವುದಾದರೆ ನನ್ನದೊಂದು ಸಲಹೆ. ಬೆಳಗ್ಗೆ ಬಿಸಿಲೇರುವ ಮುಂಚೆ ಗುಹೆ ನೋಡಿ ಮುಗಿಸಿ. ಇಳಿಯುವಾಗ ಬಲು ಅವಸರ ಮಾಡದೆ ಬುಡದ ಮಲಿಕ್ ಅಬ್ದುಲ್ ಅಜೀಜರ ಸಮಾಧಿಯ ಹತ್ತಿರ ಒಂದು ಕ್ಷಣ ನಿಂತು, ಅಲ್ಲಿಂದ ತಲೆ ಎತ್ತಿ ಗುಹೆಗಳನ್ನೂ ತಿರುಗಿ ಕೆರೆಯನ್ನೂ ನೋಡಿ. ಒಂದೇ ಜಾಗದಿಂದ ಎಲ್ಲವೂ ಕಾಣುತ್ತವೆ. ನಂತರ ಓಣಿಗಳ ಮೂಲಕ ನಡೆದು ಉತ್ತರ ದಂಡೆಯ ವಸ್ತು ಸಂಗ್ರಹಾಲಯಕ್ಕೆ ಹೋಗಿ. ಅದರ ಪಕ್ಕದ ಬಂಡೆಯ ಸಂದಿಯಲ್ಲಿ ಮೆಟ್ಟಿಲು ಹತ್ತಿದರೆ ಉತ್ತರ ಕೋಟೆ, ಕೆಳಗಿನ ಮತ್ತು ಮೇಲಿನ ಶಿವಾಲಯಗಳು. ಸ್ವಲ್ಪ ದೂರದ ಮಾಲೆಗಿತ್ತಿ ಶಿವಾಲಯದಲ್ಲಿ ಆರ್ಯಮಿಂಚಿ ಉಪಾಧ್ಯಾಯ ಎಂಬ ಶಿಲ್ಪಿಯ ಹೆಸರು ಕೊರೆದಿದೆ, ನೋಡಲು ಮರೆಯಬೇಡಿ. ಕಟ್ಟಿಸಿದವರ ಹೆಸರು ಎಲ್ಲೆಡೆ ಇರುತ್ತದೆ, ಕಟ್ಟಿದವನ ಹೆಸರು ಸಿಗುವುದು ಅಪರೂಪ. ಸಂಜೆಗೆ ಪೂರ್ವ ದಂಡೆಯ ಭೂತನಾಥ ಗುಡಿ. ಅದು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಇಳಿಬಿಸಿಲು ನೇರ ಅದರ ಮೇಲೆ ಬಿದ್ದು, ಕಲ್ಲು ಕೆಂಡದ ಬಣ್ಣಕ್ಕೆ ತಿರುಗುತ್ತದೆ. ನೀರಿಗೆ ಮಾತ್ರ ಮಕ್ಕಳನ್ನು ಬಿಡಬೇಡಿ, ಮೆಟ್ಟಿಲು ಜಾರುತ್ತವೆ. ಕೈಯಲ್ಲಿ ತಿನ್ನುವ ಪೊಟ್ಟಣ ಹಿಡಿದು ನಡೆಯಬೇಡಿ, ಮಂಗಗಳು ನಮ್ಮ ಮಕ್ಕಳಿಗಿಂತ ಚುರುಕು.

ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಶಾಲೆ ಬಿಟ್ಟು ಹೋಗಿ ಆಯಿತು. ಈಚೆಗೆ ಸಂತೆಯಲ್ಲಿ ಸಿಕ್ಕಿದ್ದ. ಬಾದಾಮಿಯ ಮಾತು ತೆಗೆದೆ. ಅವನಿಗೆ ತನ್ನ ಪ್ರಶ್ನೆ ನೆನಪಿರಲಿಲ್ಲ, ಮಂಗ ಅವನ ಚುರುಮುರಿ ಕಿತ್ತುಕೊಂಡದ್ದು ಚೆನ್ನಾಗಿ ನೆನಪಿತ್ತು. ಹತ್ತು ನಿಮಿಷ ನಿಲ್ಲಿಸಿಕೊಂಡು ತಬರಿಯ ಕಥೆ, ತ್ರಿಪದಿಯ ಕಥೆ, ಅರಬ್ಬರ ಕಥೆ ಹೇಳಿದೆ. "ಅವತ್ತೇ ಹೇಳಬೇಕಿತ್ತು ಸರ್" ಎಂದ. ಈ ವರ್ಷದ ಪ್ರವಾಸಕ್ಕೆ ಬಾದಾಮಿಯಲ್ಲಿ ಐದು ಗಂಟೆ ಬೇಕೆಂದು ಬರೆದು ಕೊಟ್ಟಿದ್ದೇನೆ. ಹೆಡ್‌ಮಾಸ್ತರರು ಮೂರಕ್ಕೆ ಒಪ್ಪಿದ್ದಾರೆ.